ಕ್ಯಾಂಪ್‌ಗ್ರೌಂಡ್ ಕಾರ್ಡುಗಳು: ನಾನು ಇಟ್ಟುಕೊಂಡವು, ಬಿಟ್ಟವು

ಅಮೆರಿಕದಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗಿ ಅದರಲ್ಲೇ ಮಲಗುವ ಟ್ರೈಲರ್ ಕೊಂಡ ಸ್ವಲ್ಪ ದಿನಕ್ಕೇ, ಅದನ್ನು ನಿಲ್ಲಿಸುವ ಕ್ಯಾಂಪ್‌ಗ್ರೌಂಡ್‌ಗಳ ರಿಯಾಯಿತಿ ಕಾರ್ಡುಗಳ ಕಾಟ ಶುರುವಾಗುತ್ತದೆ. ಕೆಓಎ (ಕ್ಯಾಂಪ್‌ಗ್ರೌಂಡ್ಸ್ ಆಫ್ ಅಮೆರಿಕ) ರಿವಾರ್ಡ್ಸ್, ಗುಡ್ ಸ್ಯಾಮ್, ಪಾಸ್‌ಪೋರ್ಟ್ ಅಮೆರಿಕ, ಥೌಸಂಡ್ ಟ್ರೇಲ್ಸ್, ಜೊತೆಗೆ ಸ್ಟೇಟ್ ಪಾರ್ಕಿನ ಪಾಸ್, ನ್ಯಾಷನಲ್ ಪಾರ್ಕಿನ ಪಾಸ್. ಎಲ್ಲರೂ ಉಳಿತಾಯದ ಮಾತಾಡುತ್ತಾರೆ, ಎಲ್ಲರೂ ಮೊದಲು ನಮ್ಮ ಕೈಯಿಂದಲೇ ದುಡ್ಡು ಕೇಳುತ್ತಾರೆ. ನಾವಿರುವುದು ಟೆಕ್ಸಸ್‌ನಲ್ಲಿ. ನಾನು, ಹೆಂಡತಿ, ಇಬ್ಬರು ಮಕ್ಕಳು, ಬಹಳ ಸಲ ಅಪ್ಪ ಅಮ್ಮನೂ ಜೊತೆಗೆ. ಇವುಗಳಲ್ಲಿ ಹೆಚ್ಚಿನವನ್ನು ಬಳಸಿ ನೋಡಿದ್ದೇನೆ. ಈಗ ಹೊಸದಾಗಿ ಶುರು ಮಾಡುವ ಗೆಳೆಯರಿಗೆ ನಾನು ಹೇಳುವುದು ಒಂದೇ: ಕಾರ್ಡ್ ಎಷ್ಟು ಪರ್ಸೆಂಟ್ ಕೊಡುತ್ತದೆ ಅಂತ ಆಮೇಲೆ ನೋಡಿ. ನೀವು ವಾರದ ಯಾವ ರಾತ್ರಿ ಹೊರಗಿರುತ್ತೀರಿ ಅನ್ನೋದನ್ನ ಮೊದಲು ನೋಡಿ.

ಹಾಗಾಗಿ ನಾನು ಕಾರ್ಡ್ ಕೊಳ್ಳುವ ಮೊದಲು ಶಾಲೆಯ ಕ್ಯಾಲೆಂಡರ್ ತೆಗೆಯುತ್ತೇನೆ. ಮುಂದಿನ ವರ್ಷ ಎಲ್ಲೆಲ್ಲಿ ಹೋಗುವ ಯೋಚನೆಯಿದೆ, ಅದರಲ್ಲಿ ಶುಕ್ರವಾರ-ಶನಿವಾರದ ರಾತ್ರಿಗಳೆಷ್ಟು, ಭಾನುವಾರದಿಂದ ಗುರುವಾರದೊಳಗೆ ಬರುವುದೆಷ್ಟು ಅಂತ ಬರೆದುಕೊಳ್ಳುತ್ತೇನೆ. ಪಕ್ಕದಲ್ಲೇ ಅದು ಸರ್ಕಾರಿ ಜಾಗವೋ ಖಾಸಗಿಯದೋ ಅಂತಲೂ ಒಂದು ಗುರುತು. ಇಷ್ಟು ಮಾಡಿದರೆ ಅರ್ಧದಷ್ಟು ಕಾರ್ಡುಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಕೆಓಎಯಿಂದ ಶುರು ಮಾಡೋಣ, ಯಾಕಂದ್ರೆ ಹೆಚ್ಚಿನವರ ಮೊದಲ ಕಾರ್ಡ್ ಅದೇ. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾದ ಈ ಚೈನ್‌ಗೆ ಈಗ ಅಮೆರಿಕ ಮತ್ತು ಕೆನಡಾ ಸೇರಿ 500ಕ್ಕೂ ಹೆಚ್ಚು ಕ್ಯಾಂಪ್‌ಗ್ರೌಂಡ್‌ಗಳಿವೆ. ಸದಸ್ಯರಿಗೆ ದಿನದ ದರದಲ್ಲಿ ಶೇ. 10 ರಿಯಾಯಿತಿ, ಜೊತೆಗೆ ಖರ್ಚು ಮಾಡಿದ್ದಕ್ಕೆ ಪಾಯಿಂಟ್ಸ್. ಲೆಕ್ಕ ಸುಲಭ. ವರ್ಷದ ಶುಲ್ಕ 36 ಡಾಲರ್, ಸೈಟಿನ (ಟ್ರೈಲರ್ ನಿಲ್ಲಿಸುವ ಜಾಗದ) ದರ 60 ಡಾಲರ್ ಅಂತ ಇಟ್ಟುಕೊಳ್ಳಿ. ರಾತ್ರಿಗೆ 6 ಡಾಲರ್ ಉಳಿಯುತ್ತದೆ. ಆರು ರಾತ್ರಿ ಉಳಿದರೆ ಶುಲ್ಕ ವಾಪಸ್ ಬಂತು, ಏಳನೆಯದರಿಂದ ಲಾಭ. ವರ್ಷಕ್ಕೆ ಎರಡು ಮೂರು ರಾತ್ರಿ ಮಾತ್ರ ಉಳಿಯುವವರಿಗೆ ಇದು ನಷ್ಟವೇ. ಪಾಯಿಂಟ್ಸನ್ನು ಈ ಲೆಕ್ಕದಲ್ಲಿ ನಾನು ಸೇರಿಸುವುದಿಲ್ಲ. ಬಂದರೆ ಬರಲಿ ಅಷ್ಟೇ.

ಆದರೂ ಆ ಕಾರ್ಡನ್ನು ನಾನು ಇಟ್ಟುಕೊಂಡಿದ್ದೇನೆ. ಕಾರಣ ದೂರದ ಪ್ರಯಾಣ. ಕೊಲೊರಾಡೊ ಕಡೆಗೋ ಇನ್ನೂ ಉತ್ತರಕ್ಕೋ ಹೊರಟಾಗ ಹೆದ್ದಾರಿ ಪಕ್ಕ ಒಂದೊಂದು ರಾತ್ರಿ ನಿಲ್ಲಬೇಕಾಗುತ್ತದೆ. ಕತ್ತಲಾದ ಮೇಲೆ ಬಂದರೂ ರಿವರ್ಸ್ ತೆಗೆಯದೆ ಟ್ರೈಲರ್ ನೇರ ಒಳಗೆ ಓಡಿಸುವ ಪುಲ್‌ ಥ್ರೂ ಸೈಟ್, ಕರೆಂಟ್, ನೀರು ಇದ್ದರೆ ಸಾಕು ಅನ್ನಿಸುವ ರಾತ್ರಿಗಳು ಅವು. ಕೆಓಎಯಲ್ಲಿ ಜರ್ನಿ, ಹಾಲಿಡೇ, ರೆಸಾರ್ಟ್ ಅಂತ ಮೂರು ಬಗೆ ಇವೆ. ದಾರಿ ಮಧ್ಯದ ನಿಲುಗಡೆಗೆ ಜರ್ನಿ ಸಾಕು. ಈಜುಕೊಳ, ಮಕ್ಕಳ ಆಟ ಎಲ್ಲ ಇರುವ ರೆಸಾರ್ಟ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಬಂದು ಬೆಳಗ್ಗೆ ಆರಕ್ಕೆ ಹೊರಡುವುದಾದರೆ ಶೇ. 10 ಕಳೆದ ಮೇಲೂ ಸುಮ್ನೆ ಜಾಸ್ತಿ ಕೊಟ್ಟಂತೆ. ಇನ್ನೊಂದು ವಿಷಯ: ಬಹುಪಾಲು ಕೆಓಎಗಳು ಬೇರೆ ಬೇರೆ ಮಾಲೀಕರು ನಡೆಸುವ ಫ್ರಾಂಚೈಸಿಗಳು. ದರವೂ ಚೊಕ್ಕತನವೂ ಜಾಗದಿಂದ ಜಾಗಕ್ಕೆ ಬದಲಾಗುತ್ತವೆ. ಬುಕ್ ಮಾಡುವ ಮೊದಲು ಅದೇ ಊರಿನ ಬೇರೆ ಖಾಸಗಿ ಟ್ರೈಲರ್ ಪಾರ್ಕಿನ ಮಾಮೂಲಿ ದರವನ್ನೂ ಒಮ್ಮೆ ನೋಡುತ್ತೇನೆ. ರಿಯಾಯಿತಿ ಕಳೆದ ದರಕ್ಕಿಂತ ಅದೇ ಕಡಿಮೆ ಇರುವುದು ಅಪರೂಪವೇನಲ್ಲ.

ಗುಡ್ ಸ್ಯಾಮ್ ಕೂಡ ಶೇ. 10 ಕೊಡುತ್ತದೆ, ಅವರ ಜೊತೆ ಒಪ್ಪಂದ ಇರುವ ಪಾರ್ಕುಗಳಲ್ಲಿ. ಕ್ಯಾಂಪಿಂಗ್ ವರ್ಲ್ಡ್ ಅಂಗಡಿಗಳದೂ ಅದೇ ಕಂಪನಿ. ಹಾಗಾಗಿ ಟ್ರೈಲರಿನ ಬಿಡಿಭಾಗ, ಸರ್ವಿಸ್ ಎಲ್ಲ ಅಲ್ಲೇ ಮಾಡಿಸುವವರಿಗೆ ಕಾರ್ಡ್ ಬೇಗ ಗಿಟ್ಟುತ್ತದೆ. ನಾನು ಅಲ್ಲಿ ಹೋಗುವುದು ಕಡಿಮೆ, ಬಿಟ್ಟುಬಿಟ್ಟೆ. ಆದರೆ ಅವರು ಪಾರ್ಕುಗಳಿಗೆ ಕೊಡುವ ಮೂರು ಅಂಕಿಗಳ ರೇಟಿಂಗ್ ಮಾತ್ರ ಇವತ್ತಿಗೂ ನೋಡುತ್ತೇನೆ. ಮೊದಲ ಅಂಕಿ ಸೌಲಭ್ಯಕ್ಕೆ, ಎರಡನೆಯದು ಶೌಚಾಲಯ-ಸ್ನಾನದ ಮನೆಗೆ, ಮೂರನೆಯದು ಜಾಗದ ಅಂದಕ್ಕೆ. ನಮ್ಮ ಮನೆಯಲ್ಲಿ ಮಧ್ಯದ ಅಂಕಿ ನೋಡಿಯೇ ಊರು ನಿರ್ಧಾರವಾಗುವುದು.

ಕ್ಯಾಲೆಂಡರ್ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುವುದು ಪಾಸ್‌ಪೋರ್ಟ್ ಅಮೆರಿಕ ವಿಷಯದಲ್ಲಿ. ಇದು 1992ರಿಂದ ಇದೆ. ಒಪ್ಪಂದದ ಪಾರ್ಕುಗಳಲ್ಲಿ ಶೇ. 50 ರಿಯಾಯಿತಿ. ಅರ್ಧ ದರ ಅಂದಕೂಡಲೇ ಎಲ್ಲರ ಕಣ್ಣು ಅಗಲವಾಗುತ್ತದೆ. ಆದರೆ ಪ್ರತಿ ಪಾರ್ಕಿಗೂ ಅದರದೇ ಷರತ್ತು. ಒಂದರಲ್ಲಿ ಶುಕ್ರ-ಶನಿ ಇಲ್ಲ. ಇನ್ನೊಂದರಲ್ಲಿ ಎರಡು ರಾತ್ರಿ ಮಾತ್ರ. ಮತ್ತೊಂದರಲ್ಲಿ ರಜೆಯ ದಿನ ಇಲ್ಲ, ಸೀಸನ್‌ನಲ್ಲಿ ಇಲ್ಲ, ಹತ್ತಿರದಲ್ಲಿ ಏನಾದರೂ ದೊಡ್ಡ ಸಮಾರಂಭ ಇದ್ದರೂ ಇಲ್ಲ. ಪಾರ್ಕಿನವರ ಕಡೆಯಿಂದ ನೋಡಿದರೆ ಇದರಲ್ಲಿ ಮೋಸವೇನಿಲ್ಲ. ಖಾಲಿ ಬೀಳುವ ಸೈಟುಗಳನ್ನು ತುಂಬಿಸಿಕೊಳ್ಳಲು ಅವರು ಅರ್ಧ ದರ ಕೊಡುತ್ತಾರೆ. ಶನಿವಾರ ಹೇಗೂ ತುಂಬುತ್ತದೆ, ಅವತ್ತು ಯಾಕೆ ಕೊಡಬೇಕು ಅಲ್ವಾ?

ವೀಕೆಂಡ್ ಮಾತ್ರ ಹೋಗುವ ಮನೆಗೆ ಆದ್ದರಿಂದ ಈ ಕಾರ್ಡ್ ಬಹುತೇಕ ದಂಡ. ನಿವೃತ್ತರಿಗೆ, ಮನೆಯಿಂದಲೇ ಕೆಲಸ ಮಾಡುವವರಿಗೆ, ಬೇಸಿಗೆ ರಜೆಯಲ್ಲಿ ಸೋಮವಾರ ಹೊರಟು ಗುರುವಾರ ವಾಪಸ್ ಬರುವವರಿಗೆ ಎರಡು ಮೂರು ರಾತ್ರಿಯಲ್ಲೇ ಶುಲ್ಕ ಹುಟ್ಟುತ್ತದೆ. ನಾನು ಇದನ್ನು ಎಲ್ಲ ವರ್ಷವೂ ಇಟ್ಟುಕೊಳ್ಳುವುದಿಲ್ಲ. ವಾರದ ಮಧ್ಯದ ರಾತ್ರಿಗಳು ಜಾಸ್ತಿ ಇರುವ ವರ್ಷ ಮಾತ್ರ ಕೊಳ್ಳುತ್ತೇನೆ.

ಬಳಸುವಾಗ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ: ಆನ್‌ಲೈನ್‌ನಲ್ಲಿ ಬುಕ್ ಮಾಡುವ ಮೊದಲು ಪಾರ್ಕಿನ ಆಫೀಸಿಗೆ ಫೋನ್. ಈ ತಾರೀಕಿಗೆ ಕಾರ್ಡ್ ನಡೆಯುತ್ತದಾ, ಎಷ್ಟು ರಾತ್ರಿಗೆ, ಎಲ್ಲ ಸೇರಿ ಕೊನೆಗೆ ಎಷ್ಟಾಗುತ್ತದೆ ಅಂತ ಮೂರು ಪ್ರಶ್ನೆ. ಮೂರನೆಯದೇ ಮುಖ್ಯ. ಒಂದು ಪಾರ್ಕಿನಲ್ಲಿ ಸೈಟಿನ ದರ ಅರ್ಧ ಆಯಿತು, ನಿಜ. ಆದರೆ 50 ಆಂಪ್ ಕರೆಂಟಿಗೆ ಬೇರೆ, ಹೆಚ್ಚುವರಿ ಜನಕ್ಕೆ ಬೇರೆ, "ರೆಸಾರ್ಟ್ ಫೀ" ಅಂತ ಇನ್ನೊಂದು. ಬಿಲ್ ನೋಡಿದರೆ ಉಳಿದದ್ದು ಕಾಲು ಭಾಗವೂ ಇರಲಿಲ್ಲ. ರಿಯಾಯಿತಿ ಯಾವತ್ತೂ ಮೂಲ ದರದ ಮೇಲೆ, ಮೇಲಿನ ಫೀಗಳ ಮೇಲಲ್ಲ. ಎರಡು ಕಾರ್ಡುಗಳ ರಿಯಾಯಿತಿಯನ್ನು ಒಟ್ಟಿಗೆ ಕೊಡುವವರನ್ನೂ ನಾನು ಕಂಡಿಲ್ಲ. ಒಂದು ವಾರ ಉಳಿಯುವುದಾದರೆ ಕಾರ್ಡಿನ ವಿಷಯ ಎತ್ತದೆ ವಾರದ ದರ ಎಷ್ಟು ಅಂತ ಮೊದಲು ಕೇಳಿ. ಬಹಳ ಕಡೆ ಅದೇ ಅಗ್ಗ.

ಇನ್ನು ಸರ್ಕಾರಿ ಜಾಗಗಳು. ಇವುಗಳ ಜಾಹೀರಾತು ಯಾರೂ ಕಳಿಸುವುದಿಲ್ಲ, ಆದರೆ ನಮಗೆ ಅತಿ ಹೆಚ್ಚು ಉಳಿದಿರುವುದು ಇಲ್ಲೇ. ಟೆಕ್ಸಸ್ ಸ್ಟೇಟ್ ಪಾರ್ಕ್ಸ್ ಪಾಸ್‌ಗೆ ವರ್ಷಕ್ಕೆ 70 ಡಾಲರ್. ಕ್ಯಾಂಪ್ ಮಾಡುವವರೂ ಸೈಟಿನ ಬಾಡಿಗೆಯ ಮೇಲೆ ತಲೆಗಿಷ್ಟು ಅಂತ ದಿನವೂ ಪ್ರವೇಶ ಶುಲ್ಕ ಕೊಡಬೇಕು. 12 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಉಚಿತ. ಪಾಸ್ ಇದ್ದರೆ ಅದೇ ಗಾಡಿಯಲ್ಲಿ ಬಂದ ಎಲ್ಲರಿಗೂ ಪ್ರವೇಶ ಶುಲ್ಕ ಇಲ್ಲ. ನಾವು ದೊಡ್ಡವರೇ ನಾಲ್ಕು ಜನ. ತಲೆಗೆ 5 ಡಾಲರ್ ಅಂದರೂ ದಿನಕ್ಕೆ 20. ಎರಡು ವೀಕೆಂಡ್ ಹೋದರೆ ಪಾಸಿನ ದುಡ್ಡು ವಾಪಸ್ ಬಂತು. ಇದರ ಜೊತೆಗೆ ಎರಡು ರಾತ್ರಿ ಉಳಿದರೆ ಒಂದು ರಾತ್ರಿಗೆ ಅರ್ಧ ದರ ಅನ್ನುವ ಸೌಲಭ್ಯ ಕೆಲವು ಸಲ ಸಿಗುತ್ತದೆ. ನಿಮ್ಮ ರಾಜ್ಯ ಬೇರೆಯಾದರೆ ನಿಯಮವೂ ಬೇರೆ, ಆದರೆ ಖಾಸಗಿ ಕಾರ್ಡ್ ಕೊಳ್ಳುವ ಮೊದಲು ರಾಜ್ಯದ ಪಾಸ್ ಏನು ಕೊಡುತ್ತದೆ ಅಂತ ಓದಿ.

ನ್ಯಾಷನಲ್ ಪಾರ್ಕುಗಳ 80 ಡಾಲರಿನ (ಅಮೆರಿಕದ ನಿವಾಸಿಗಳ ದರ) ವಾರ್ಷಿಕ ಪಾಸಿನ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ಪ್ರವೇಶಕ್ಕೆ ಮಾತ್ರ. ಕ್ಯಾಂಪಿಂಗ್ ದರದಲ್ಲಿ ಅದರಿಂದ ಒಂದು ಸೆಂಟೂ ಕಡಿಮೆಯಾಗಲ್ಲ. ಮಗು ನಾಲ್ಕನೇ ಕ್ಲಾಸಿನಲ್ಲಿದ್ದರೆ ಆ ವರ್ಷ ಇದನ್ನು ಕೊಳ್ಳಲೇಬೇಡಿ. ಎವ್ರಿ ಕಿಡ್ ಔಟ್‌ಡೋರ್ಸ್ ಯೋಜನೆಯಲ್ಲಿ ಉಚಿತ ಪಾಸ್ ಸಿಗುತ್ತದೆ.

ಕ್ಯಾಂಪಿಂಗ್ ದರ ಇಳಿಸುವುದು ಸೀನಿಯರ್ ಪಾಸ್. 62 ತುಂಬಿದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ. 80 ಡಾಲರ್ ಒಮ್ಮೆ ಕೊಟ್ಟರೆ ಜೀವನಪೂರ್ತಿ, ಇಲ್ಲವೇ ವರ್ಷಕ್ಕೆ 20. ಅಪ್ಪನಿಗೆ ಗ್ರೀನ್ ಕಾರ್ಡ್ ಇದೆ. "ಒಂದೇ ಸಲಕ್ಕೆ ತಗೊಂಡುಬಿಡು ಮಗಾ, ವರ್ಷ ವರ್ಷ ಯಾರು ನೆನಪಿಟ್ಟುಕೊಳ್ತಾರೆ" ಅಂದರು, ತೆಗೆದುಕೊಂಡೆವು. ಪಾಸ್ ಇರುವವರು ಜೊತೆಯಲ್ಲಿದ್ದು ಆ ಸೈಟಿನಲ್ಲೇ ಉಳಿದರೆ ಬಹಳಷ್ಟು ಫೆಡರಲ್ (ಕೇಂದ್ರ ಸರ್ಕಾರದ) ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರ್ಧ ದರ. ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ನೋಡಿಕೊಳ್ಳುವ ಕೆರೆಗಳ ದಡದಲ್ಲೂ ಇದು ನಡೆಯುತ್ತದೆ. ಟೆಕ್ಸಸ್‌ನಲ್ಲಿ ಲೇಕ್ ಜಾರ್ಜ್‌ಟೌನ್, ಗ್ರ್ಯಾಂಜರ್ ಲೇಕ್, ಕ್ಯಾನ್ಯನ್ ಲೇಕ್ ಅಂಥವು. ನೀರು, ಕರೆಂಟ್ ಇರುವ ಸೈಟು ಮೊದಲೇ ಖಾಸಗಿಗಿಂತ ಅಗ್ಗ, ಅದರಲ್ಲೂ ಅರ್ಧ. ಶನಿವಾರಕ್ಕೂ ಅರ್ಧ ಅನ್ನೋದೇ ಇದರ ದೊಡ್ಡ ಗುಣ. ಬೇರೆ ಯಾವ ಕಾರ್ಡೂ ನನಗೆ ಅದನ್ನು ಕೊಟ್ಟಿಲ್ಲ. ಸರ್ಕಾರಿ ಬುಕಿಂಗ್ ವೆಬ್‌ಸೈಟ್ Recreation.govನಲ್ಲಿ ಬುಕ್ ಮಾಡುವಾಗಲೇ ಪಾಸಿನ ನಂಬರ್ ಹಾಕಿ, ಹೋಗುವಾಗ ಪಾಸ್ ಮತ್ತು ಗುರುತಿನ ಚೀಟಿ ಎರಡೂ ಒಯ್ಯಿರಿ. ಖಾಸಗಿ ಗುತ್ತಿಗೆದಾರರು ನಡೆಸುವ ಕೆಲವು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಿಯಾಯಿತಿ ಸಿಗದೆ ಇರಬಹುದು, ಆ ಪುಟದಲ್ಲೇ ಬರೆದಿರುತ್ತಾರೆ. ಕ್ಯಾನ್ಸಲ್ ಮಾಡಿದರೆ 10 ಡಾಲರ್ ಹೋಗುತ್ತದೆ. ಅರ್ಧ ದರದ ಒಂದು ರಾತ್ರಿಯ ಬುಕಿಂಗ್‌ನಲ್ಲಿ ಅದು ಸಣ್ಣ ಮೊತ್ತವಲ್ಲ.

ಥೌಸಂಡ್ ಟ್ರೇಲ್ಸ್ ಬಗ್ಗೆ ಎರಡೇ ಮಾತು. ಅದು ಒಂದೇ ಕಂಪನಿಯ ಪಾರ್ಕುಗಳಲ್ಲಿ ಉಳಿಯುವ ಸದಸ್ಯತ್ವ, ವರ್ಷದಲ್ಲಿ ತಿಂಗಳುಗಟ್ಟಲೆ ಟ್ರೈಲರಿನಲ್ಲೇ ಇರುವವರಿಗೆ. ಅವರ ವ್ಯವಸ್ಥೆಯಲ್ಲಿ ಒಂದು ಪಾರ್ಕಿನಲ್ಲಿ 14 ರಾತ್ರಿ ಇದ್ದು 7 ರಾತ್ರಿ ಹೊರಗಿರಬೇಕಾದ ತರಹದ ನಿಯಮಗಳಿವೆ. ಕೆಲಸ, ಶಾಲೆ ಇರುವ ನಮ್ಮಂಥವರಿಗೆ ಮೂಗಿಗಿಂತ ಮೂಗುತಿ ಭಾರ.

ಯಾವ ಕಾರ್ಡೂ ಬೇಡ ಅನ್ನುವವರು ಕ್ರೆಡಿಟ್ ಕಾರ್ಡನ್ನಾದರೂ ಸರಿಯಾಗಿ ಆರಿಸಿ. ಪ್ರತಿ ವ್ಯಾಪಾರಕ್ಕೂ ಬ್ಯಾಂಕಿನವರು ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಟ್ರೈಲರ್ ಪಾರ್ಕ್, ಕ್ಯಾಂಪ್‌ಗ್ರೌಂಡ್‌ಗಳದು 7033. ಚೇಸ್ ಥರದ ಕೆಲವು ಬ್ಯಾಂಕುಗಳು ಕ್ಯಾಂಪ್‌ಗ್ರೌಂಡನ್ನು "ಟ್ರಾವೆಲ್" ಲೆಕ್ಕಕ್ಕೆ ಸೇರಿಸುತ್ತವೆ, ಹೆಚ್ಚು ಪಾಯಿಂಟ್ಸ್ ಬರುತ್ತದೆ. ಸ್ಟೇಟ್ ಪಾರ್ಕಿಗೆ ಕೊಟ್ಟ ದುಡ್ಡು ಸರ್ಕಾರಿ ಸೇವೆ ಅಂತ ದಾಖಲಾದರೆ ಆ ಪಾಯಿಂಟ್ಸ್ ಇಲ್ಲ. ಮೊದಲು ಒಂದೇ ರಾತ್ರಿ ಬುಕ್ ಮಾಡಿ, ಸ್ಟೇಟ್‌ಮೆಂಟಿನಲ್ಲಿ ಯಾವ ವಿಭಾಗದಲ್ಲಿ ಬಂದಿದೆ ನೋಡಿ, ಆಮೇಲೆ ದೊಡ್ಡ ಬುಕಿಂಗಿಗೆ ಆ ಕಾರ್ಡ್ ಬಳಸಿ.

ಸದಸ್ಯತ್ವ ತೆಗೆದುಕೊಂಡ ದಿನವೇ ನಾನು ಆಟೋ ರಿನ್ಯೂವಲ್ ಆಫ್ ಮಾಡುತ್ತೇನೆ. ಮುಗಿಯುವ ತಾರೀಕಿಗೆ ಒಂದು ತಿಂಗಳು ಮುಂಚೆ ಫೋನಿನಲ್ಲಿ ಅಲಾರಂ ಇಡುತ್ತೇನೆ. ಉಳಿದ ಪಾಯಿಂಟ್ಸ್ ಇದ್ದರೆ ಆ ತಿಂಗಳೊಳಗೆ ಎಲ್ಲಾದರೂ ಒಂದು ರಾತ್ರಿಗೆ ಖರ್ಚು ಮಾಡಿಬಿಡುತ್ತೇವೆ. ಶುಲ್ಕ ಮತ್ತೆ ಕಟ್ಟಬೇಕೋ ಬೇಡವೋ ಅನ್ನುವುದು ಮುಂದಿನ ವರ್ಷದ ಶಾಲೆಯ ಕ್ಯಾಲೆಂಡರ್ ಕೈಗೆ ಬಂದ ಮೇಲೆ.