ಕ್ರಿಯಾ ಯೋಜನೆಯ ಕಡತದಲ್ಲಿ ರಾಜಕೀಯ ಮತ್ತು ಆಡಳಿತ

ರಾಜಕೀಯದ ಜಂಜಾಟದಿಂದ ಆಡಳಿತ ಹೊರಗಿರಬೇಕೆಂದು ಅಮೆರಿಕದ ವಿದ್ವಾಂಸ ವುಡ್ರೋ ವಿಲ್ಸನ್ 1887ರಲ್ಲಿ ವಾದಿಸಿದರು. 1900ರಲ್ಲಿ ಅಲ್ಲಿಯವರೇ ಆದ ಫ್ರಾಂಕ್ ಗುಡ್‌ನೌ, ರಾಜ್ಯದ ಇಚ್ಛೆಯನ್ನು ವ್ಯಕ್ತಪಡಿಸುವುದು ರಾಜಕೀಯ, ಅದನ್ನು ಜಾರಿಗೊಳಿಸುವುದು ಆಡಳಿತ ಎಂದು ವಿಂಗಡಿಸಿದರು. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಆಗಿದ್ದಾಗ ಈ ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಅಳಿಸಿಹೋಗುತ್ತದೆ ಎಂಬುದನ್ನು ನಾನು ಕಂಡಿದ್ದು ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆಯಲ್ಲಿ, ಅಂದರೆ ಕೈಗೊಳ್ಳಬೇಕಾದ ಕಾಮಗಾರಿಗಳ ಪಟ್ಟಿಯಲ್ಲಿ.

ಉದ್ಯೋಗ ಖಾತ್ರಿಯಲ್ಲಿ ಸಾಮಗ್ರಿ ವೆಚ್ಚ ಶೇಕಡಾ 40 ಮೀರುವಂತಿರಲಿಲ್ಲ. ಸಿಸಿ ರಸ್ತೆಯ ಹಣದಲ್ಲಿ ಹೆಚ್ಚಿನ ಪಾಲು ಸಿಮೆಂಟು, ಜಲ್ಲಿಗೇ ಹೋಗುತ್ತದೆ. ಹೊಲದ ಬದು, ಕೆರೆಯ ಹೂಳೆತ್ತುವಿಕೆಗಳಲ್ಲಿ ಬಹುಪಾಲು ಕೂಲಿಯೇ. ಆದ್ದರಿಂದ ಒಂದು ಓಣಿಗೆ ರಸ್ತೆ ಬೇಕೆಂದರೆ ಸಣ್ಣ ರೈತರ ಹಲವು ತೊಗರಿ ಹೊಲಗಳಿಗೆ ಬದು ಸೇರಿಸಬೇಕು. ಈ ಲೆಕ್ಕವನ್ನು ಕಚೇರಿಯಲ್ಲೇ ಮುಗಿಸಿ, ಸಿದ್ಧ ಪಟ್ಟಿಯನ್ನು ಪಂಚಾಯಿತಿ ಸಭೆಯ ಮುಂದಿಟ್ಟರೆ "ಸಾಹೇಬ್ರು ಲೆಕ್ಕ ಹಾಕ್ಯಾರ, ಬರ್ಕೋರಿ" ಎಂದು ಎಲ್ಲರೂ ಒಪ್ಪಿಬಿಡುತ್ತಿದ್ದರು. ನಿರ್ಧಾರ ನನ್ನದು, ಸಹಿ ಮಾತ್ರ ಅವರದು! ಆಡಳಿತವೂ ನೀತಿಯನ್ನು ರೂಪಿಸುತ್ತದೆ ಎಂದು ಅಮೆರಿಕದ ಆಡಳಿತ ತಜ್ಞ ಪಾಲ್ ಆಪಲ್‌ಬಿ 1949ರಲ್ಲಿ ಹೇಳಿದ್ದು ಇದನ್ನೇ. ಭಾರತದ ಆಡಳಿತದ ಬಗ್ಗೆ 1953ರಲ್ಲಿ ವರದಿ ಕೊಟ್ಟವರೂ ಅವರೇ.

ಹೀಗಾಗಿ ನಾನು ಸಿದ್ಧ ಪಟ್ಟಿ ಒಯ್ಯುವುದನ್ನು ಬಿಟ್ಟೆ. ಎಂಜಿನಿಯರರ ಅಂದಾಜಿನಲ್ಲಿ ಕೂಲಿಯೆಷ್ಟು, ಸಾಮಗ್ರಿಯೆಷ್ಟು ಎಂಬುದನ್ನು ಪ್ರತಿ ಕಾಮಗಾರಿಯ ಮುಂದೆ ಹಲಗೆಯ ಮೇಲೆ ಬರೆದು, ಯಾವುದನ್ನು ಸೇರಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದನ್ನು ಸದಸ್ಯರಿಗೇ ಬಿಟ್ಟೆ. ಮಿತಿ ದಾಟಿದಾಗಷ್ಟೇ ಬಾಯಿ ತೆರೆದೆ. ಸಭೆ ಸಂಜೆಯವರೆಗೂ ಎಳೆಯುತ್ತಿತ್ತು, ಜಗಳವೂ ಆಗುತ್ತಿತ್ತು. ಅದು ಆಗಬೇಕಾದ ಜಗಳವೇ ಎಂಬುದು ನನ್ನ ಅಭಿಪ್ರಾಯ.

ನಡಾವಳಿಗೆ ಸಹಿಯಾದ ಮೇಲೆ ಮಾತ್ರ ನಾನು ವಿಲ್ಸನ್ನರ ಪಕ್ಷ. "ನಮ್ಮ ಹುಡುಗನ ಹೆಸರೂ ಎನ್‌ಎಂಆರ್‌ನಾಗ ಹಾಕ್ರಿ ಸಾಹೇಬ್ರ" ಎಂದು ಸದಸ್ಯರೊಬ್ಬರು ಕೇಳಿದಾಗ, ಕೆಲಸಕ್ಕೆ ಬಾರದವನ ಹೆಸರು ಎನ್‌ಎಂಆರ್‌ನಲ್ಲಿ, ಅಂದರೆ ಕೂಲಿಕಾರರ ಹಾಜರಿ ಪಟ್ಟಿಯಲ್ಲಿ, ಬರುವುದಿಲ್ಲವೆಂದು ಹೇಳಿ ಕಳಿಸಿದೆ. ನೆಲದ ಮೇಲೆ ಇಲ್ಲದ ಉದ್ದವನ್ನು ಕಾಮಗಾರಿಯ ಅಳತೆ ಪುಸ್ತಕದಲ್ಲಿ ಸೇರಿಸಲು ಯಾವ ಠರಾವಿಗೂ ಅಧಿಕಾರವಿಲ್ಲ.

ಇವೆರಡರ ನಡುವೆ ಉಳಿದದ್ದು ಕಾಮಗಾರಿಗಳ ಸರದಿ. ಬಿತ್ತನೆಗೆ ಮುಂಚೆ ಬದು ಮುಗಿಯಬೇಕಾದ್ದರಿಂದ ಹೊಲ ಮೊದಲು, ರಸ್ತೆ ಆಮೇಲೆ ಎಂಬುದನ್ನು ಹಂಗಾಮೇ ತೀರ್ಮಾನಿಸುತ್ತಿತ್ತು. ಯಾರ ಹೊಲ ಮೊದಲು ಎಂಬ ಪ್ರಶ್ನೆಗೆ ಅರ್ಜಿ ಬಂದ ದಿನಾಂಕವನ್ನೇ ಆಧಾರ ಮಾಡಿಕೊಂಡೆ. ಆ ನಿಯಮವನ್ನೂ ಸಭೆಯಲ್ಲಿ ಓದಿ ಹೇಳಿ, ನಡಾವಳಿಯಲ್ಲಿ ಬರೆಸಿದ ಮೇಲೆಯೇ ಜಾರಿಗೆ ತಂದೆ.