ಬ್ಯಾಂಕ್ ಒಲ್ಲೆ ಎಂದವರಿಗೆ ಮನೆಸಾಲ ಕೊಡುವ ಕಂಪನಿ: ಷೇರು ಕೊಳ್ಳುವ ಮುಂಚೆ ನಾನು ನೋಡುವುದು

ಸಂಬಳದ ಚೀಟಿ ಇಲ್ಲದ ಸ್ವಂತ ಉದ್ಯೋಗಿಗಳು, ಹಿಂದೆ ಕಂತು ತಪ್ಪಿಸಿದವರು: ಬ್ಯಾಂಕು ವಾಪಸ್ ಕಳಿಸಿದ ಇಂಥವರಿಗೆ ಮನೆಸಾಲ ಕೊಡಲೆಂದೇ ಕೆಲವು ಕಂಪನಿಗಳಿವೆ. ಬಡ್ಡಿ ಜಾಸ್ತಿ, ಲಾಭವೂ ಜಾಸ್ತಿ. ಷೇರು ಮಾತ್ರ ಎಷ್ಟೋ ಸಲ ಅಗ್ಗ. ಇಂಥದ್ದೊಂದನ್ನು ಮೊದಲ ಸಲ ಕೊಂಡಾಗ ನಾನು ನೋಡಿದ್ದು ಪಿಇ ಒಂದನ್ನೇ, ಅಂದರೆ ಷೇರಿನ ಬೆಲೆ ಪ್ರತಿ ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬುದನ್ನು. ಆರು ಇತ್ತು. ಖುಷಿಯಿಂದ ಕೊಂಡೆ, ಅರ್ಧ ಬೆಲೆಗೆ ಮಾರಿದೆ. ಈಗ ವಾರ್ಷಿಕ ವರದಿಯನ್ನು ಕೊನೆಯಿಂದ, ಸಣ್ಣಕ್ಷರದ ಟಿಪ್ಪಣಿಗಳಿಂದ ಓದಲು ಶುರುಮಾಡುತ್ತೇನೆ.

ಮೊದಲು ಹುಡುಕುವುದು, ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು. ಕೊಟ್ಟ ಸಾಲ ವಾಪಸಾಗಲು ವರ್ಷಗಳು ಬೇಕು. ತಂದ ದುಡ್ಡನ್ನು ನಾಳೆಯೇ ಕೇಳಿದರೆ? ಇಂಥದ್ದೇ ಮನೆಸಾಲದ ಕಂಪನಿಯಾಗಿದ್ದ ಕೆನಡಾದ ಹೋಮ್ ಕ್ಯಾಪಿಟಲ್ ಕಥೆ ಇದೇ. ಬ್ರೋಕರ್‌ಗಳು ತಂದ ಸಾಲದ ಅರ್ಜಿಗಳಲ್ಲಿ ಆದಾಯದ ದಾಖಲೆ ಸುಳ್ಳಿತ್ತು. ಅದನ್ನು ಕಂಪನಿ ಹೂಡಿಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಎಂದು 2017ರ ಏಪ್ರಿಲ್‌ನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕ ಒಂಟಾರಿಯೊ ಸೆಕ್ಯುರಿಟೀಸ್ ಕಮಿಷನ್ ಆರೋಪಿಸಿತು. ಕಂಪನಿಯಲ್ಲಿ ದುಡ್ಡಿಟ್ಟಿದ್ದ ಉಳಿತಾಯ ಖಾತೆಯವರು ಅದನ್ನು ತೆಗೆಯಲು ಮುಗಿಬಿದ್ದರು. ಏಪ್ರಿಲ್ 26ರಂದು ಒಂದೇ ದಿನ ಷೇರು 60%ಗಿಂತ ಜಾಸ್ತಿ ಬಿತ್ತು. ಕಂಪನಿ ತುರ್ತಾಗಿ 200 ಕೋಟಿ ಕೆನಡಾ ಡಾಲರ್ ಸಾಲದ ಏರ್ಪಾಡು ಮಾಡಿಕೊಂಡಿತು. ಬಡ್ಡಿ 10%, ಮೇಲೆ ಶುಲ್ಕವೇ 10 ಕೋಟಿ ಡಾಲರ್! ತಾನು ಕೊಟ್ಟ ಸಾಲಕ್ಕೇ ಅಷ್ಟು ಬಡ್ಡಿ ಬರುತ್ತಿರಲಿಲ್ಲ. ಗಮನಿಸಿ, ಆ ಹೊತ್ತಲ್ಲೂ ಮನೆಸಾಲ ಪಡೆದವರಲ್ಲಿ ಹೆಚ್ಚಿನವರು ಕಂತು ಕಟ್ಟುತ್ತಲೇ ಇದ್ದರು.

ಹಾಗಾಗಿ ಒಂದು ಹಾಳೆಯಲ್ಲಿ ಎರಡು ಅಂಕಿ ಬರೆದುಕೊಳ್ಳಿ. ಒಂದು, ಮುಂದಿನ ಮೂವತ್ತು ದಿನದಲ್ಲಿ ಯಾರು ಬೇಕಾದರೂ ಬಂದು ಕೇಳಬಹುದಾದ ಹಣ. ಇನ್ನೊಂದು, ಕೈಯಲ್ಲಿರುವ ನಗದು ಮತ್ತು ತಕ್ಷಣ ಮಾರಬಹುದಾದ ಸರ್ಕಾರಿ ಬಾಂಡ್. ಎರಡನೆಯದು ಚಿಕ್ಕದಾಗಿದ್ದರೆ ನಾನು ಮುಂದೆ ಓದುವುದೇ ಇಲ್ಲ.

ಆಮೇಲೆ ಸ್ವಂತ ಬಂಡವಾಳ. 100 ರೂಪಾಯಿ ಸಾಲ ಕೊಟ್ಟಿದ್ದಾರೆ, ಅದರಲ್ಲಿ ಸ್ವಂತದ್ದು 7 ಅನ್ನಿ. 5 ರೂಪಾಯಿ ಸಾಲ ಸುಸ್ತಿಯಾಯಿತು, ಮನೆ ಹರಾಜು ಹಾಕಿ 3 ವಸೂಲಾಯಿತು. ಹೋದದ್ದು 2. ನೂರಕ್ಕೆ ಎರಡು ತಾನೇ ಅನ್ನಿಸುತ್ತದೆ, ಅಲ್ವಾ? ಆದರೆ ಹೋದದ್ದು ಆ ಏಳರಲ್ಲಿ ಎರಡು. ಷೇರುದಾರರ ದುಡ್ಡಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ.

ಸುಸ್ತಿ ಸಾಲದ ಶೇಕಡಾವಾರು ಲೆಕ್ಕವನ್ನು ಸುಮ್ನೆ ನಂಬಬೇಡಿ. ಕಂಪನಿ ಜೋರಾಗಿ ಬೆಳೆಯುತ್ತಿದ್ದರೆ ಹೊಸ ಸಾಲಗಳು ಸೇರಿ ಆ ಅಂಕಿ ತನ್ನಷ್ಟಕ್ಕೇ ಇಳಿಯುತ್ತದೆ. ಹೊಸದಾಗಿ ಸಾಲ ಪಡೆದವರು ಮೊದಲ ತಿಂಗಳೇ ಕೈಕೊಡುವುದು ಅಪರೂಪ. ನಾನು ಇವತ್ತಿನ ಸುಸ್ತಿಯನ್ನು ಎರಡು ವರ್ಷ ಹಿಂದಿದ್ದ ಒಟ್ಟು ಸಾಲದಿಂದ ಭಾಗಿಸುತ್ತೇನೆ. ಬರುವ ಉತ್ತರ ಕೆಲವೊಮ್ಮೆ ಬೆಚ್ಚಿಬೀಳಿಸುತ್ತದೆ. ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಸಾಲ ನವೀಕರಿಸಿದ್ದಾರಾ, ಅದನ್ನೂ ನೋಡಿ. ಕಾಗದದ ಮೇಲೆ ಅಂಥ ಸಾಲ ಆರೋಗ್ಯವಾಗಿಯೇ ಇರುತ್ತದೆ.

ಮನೆಯ ಬೆಲೆಗೆ ಎಷ್ಟು ಸಾಲ ಎಂಬುದರ ಸರಾಸರಿಯೂ ಹೀಗೇ ಯಾಮಾರಿಸುತ್ತದೆ. ಬೆಲೆಯ 80% ಮೀರಿದ ಸಾಲಗಳು ಎಷ್ಟು, ಆ ಬೆಲೆ ಕಟ್ಟಿದ್ದು ಯಾವ ವರ್ಷ ಎಂದು ಹುಡುಕಿ. ಸಾಲವೆಲ್ಲ ಒಂದೇ ಊರಿನಲ್ಲಿದ್ದರೆ, ಅಥವಾ ಎರಡನೇ ಅಡಮಾನದ ಸಾಲ (ಆಗಲೇ ಒಂದು ಸಾಲಕ್ಕೆ ಅಡವಿಟ್ಟ ಮನೆಯ ಮೇಲೆ ಕೊಟ್ಟದ್ದು) ಜಾಸ್ತಿ ಇದ್ದರೆ ನಾನಂತೂ ದೂರ.

ಇಷ್ಟೆಲ್ಲ ಸರಿ ಕಂಡರೂ ನನ್ನ ಒಟ್ಟು ಹೂಡಿಕೆಯಲ್ಲಿ ಇಂಥ ಷೇರಿಗೆ 3% ಮಾತ್ರ. ತ್ರೈಮಾಸಿಕ ಫಲಿತಾಂಶ ಬಂದ ದಿನ ಲಾಭಕ್ಕಿಂತ ಮುಂಚೆ ಠೇವಣಿ ಎಷ್ಟಿದೆ ಎಂದು ನೋಡುತ್ತೇನೆ.