ಮೈಸೂರಿನ ಮನೆ, ತಮ್ಮನ ಕಂತು, ಅಮೆರಿಕದ ಟ್ಯಾಕ್ಸ್

ಕೆಲಸ ಅಮೆರಿಕದಲ್ಲಿ. ಕುವೆಂಪುನಗರದಲ್ಲೋ ಬೋಗಾದಿ ಕಡೆಯೋ ನಿಮ್ಮ ಹೆಸರಲ್ಲೊಂದು ಮನೆ, ಸಾಲವೂ ನಿಮ್ಮ ಹೆಸರಲ್ಲೇ. ಆದರೆ ಅಲ್ಲಿರುವುದು ಅಪ್ಪ, ಅಮ್ಮ, ತಮ್ಮನ ಸಂಸಾರ. ಕಂತು ಹೋಗುವುದು ತಮ್ಮನ ಖಾತೆಯಿಂದ. ನಮ್ಮ ಮೈಸೂರು, ಮಂಡ್ಯ ಕಡೆಯವರಲ್ಲಿ ಇಂಥ ಏರ್ಪಾಡು ಜಾಸ್ತಿ. ಆ ಸಾಲದ ಬಡ್ಡಿಯನ್ನು ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ನಿಮ್ಮ ವರಮಾನದಿಂದ ಕಳೆಯಬಹುದಾ?

ಮನೆ ಭಾರತದಲ್ಲಿದೆ ಎನ್ನುವುದು ಅಡ್ಡಿಯಲ್ಲ. ತೆರಿಗೆ ಲೆಕ್ಕದಲ್ಲಿ ಅಮೆರಿಕದ ರೆಸಿಡೆಂಟ್ ಆಗಿ 1040 ಫಾರ್ಮ್ (ಅಲ್ಲಿನ ವರಮಾನ ತೆರಿಗೆ ರಿಟರ್ನ್) ಸಲ್ಲಿಸುವವರು ತಾವಿರುವ ಮನೆಯ ಜೊತೆಗೆ ಇನ್ನೊಂದು ಮನೆಯ ಸಾಲದ ಬಡ್ಡಿಯನ್ನೂ ಕಳೆಯಬಹುದು. ಆ ಎರಡನೇ ಮನೆ ಯಾವ ದೇಶದಲ್ಲಿದ್ದರೂ ಸರಿ. ಅದನ್ನು ಬಾಡಿಗೆಗೆ ಕೊಡದಿದ್ದರೆ ವರ್ಷದಲ್ಲಿ ಒಂದು ದಿನವೂ ನೀವಲ್ಲಿ ಉಳಿಯಬೇಕಿಲ್ಲ. 2017ರ ಡಿಸೆಂಬರ್ 15ರ ನಂತರದ ಸಾಲವಾದರೆ, ಎರಡೂ ಮನೆ ಸೇರಿ 7,50,000 ಡಾಲರ್ ಸಾಲದವರೆಗಿನ ಬಡ್ಡಿಗೆ ಈ ಅವಕಾಶ. ಸಾಲ ಆ ಮನೆಯನ್ನು ಕೊಳ್ಳಲು, ಕಟ್ಟಲು ಅಥವಾ ಗಣನೀಯವಾಗಿ ಸುಧಾರಿಸಲು ತೆಗೆದದ್ದಾಗಿರಬೇಕು. ಅಡಮಾನವೂ ಅದೇ ಮನೆಯ ಮೇಲಿರಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ನೋಂದಣಿಯಾಗಿದ್ದರೆ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಕಾಣುತ್ತದೆ, ಒಂದು ಪ್ರತಿ ತೆಗೆದಿಡಿ. ಪರ್ಸನಲ್ ಲೋನ್, ಒಡವೆ ಸಾಲ ಲೆಕ್ಕಕ್ಕೆ ಬರುವುದಿಲ್ಲ.

ತೊಡಕಿರುವುದು ಕಂತಿನಲ್ಲಿ. ಸಾಲ ತೀರಿಸುವ ಹೊಣೆ ನಿಮ್ಮ ಮೇಲಿದ್ದರೆ ಸಾಲದು, ಬಡ್ಡಿಯನ್ನು ನೀವೇ ಕಟ್ಟಿರಬೇಕು. ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳು 5ನೇ ತಾರೀಖು ತಮ್ಮನ ಖಾತೆಯಿಂದ ದುಡ್ಡು ಹೋಗಿದ್ದರೆ ಆ ಬಡ್ಡಿ ನೀವು ಕಟ್ಟಿದ್ದಲ್ಲ. ಪತ್ರದಲ್ಲಿ ನಿಮ್ಮ ಹೆಸರಿದೆ ಅಂತ ಸುಮ್ನೆ ಶೆಡ್ಯೂಲ್ ಎ (ಕಳೆಯುವ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ಹಾಳೆ) ತುಂಬಬೇಡಿ. ಇಬ್ಬರೂ ಕಟ್ಟುತ್ತಿದ್ದರೆ ನಿಮ್ಮ ಪಾಲಿನ ಬಡ್ಡಿಯಷ್ಟೇ ನಿಮ್ಮದು.

ತಮ್ಮ ನಿಮ್ಮ ಎನ್‌ಆರ್‌ಒ ಖಾತೆಗೆ (ಭಾರತದ ವರಮಾನಕ್ಕಾಗಿ ಎನ್‌ಆರ್‌ಐಗಳು ಇಡುವ ರೂಪಾಯಿ ಖಾತೆ) ದುಡ್ಡು ಹಾಕಿ, ಅಲ್ಲಿಂದ ಕಂತು ಹೋದರೆ? ಅದು ಏನೂ ಬಯಸದೆ ಕೊಟ್ಟ ಉಡುಗೊರೆಯಾದರೆ ಕಟ್ಟಿದವರು ನೀವೇ. ಆದರೆ ಮನೆಯಲ್ಲಿರುವುದಕ್ಕೆ ಬದಲಾಗಿ ತಿಂಗಳು ತಿಂಗಳು ಕೊಡುವ ದುಡ್ಡಿಗೆ ಯಾವ ಹೆಸರಿಟ್ಟರೂ ಅದು ಬಾಡಿಗೆಯೇ. ಅಣ್ಣ ತಮ್ಮಂದಿರ ನಡುವೆ ಇದನ್ನು ಬಾಯಿಬಿಟ್ಟು ಮಾತಾಡುವುದು ಮುಜುಗರ, ಗೊತ್ತು. ಆದರೂ ಮಾತಾಡಿ, ಒಂದು ಕಾಗದದ ಮೇಲೆ ಬರೆದಿಡಿ. ರಿಟರ್ನ್ ಪೂರ್ತಿ ನಿಂತಿರುವುದು ಆ ಉತ್ತರದ ಮೇಲೆ.

ಬಾಡಿಗೆ ಅಂತಾದರೆ ಅದು ಆ ಬಡಾವಣೆಯ ನಿಜವಾದ ಬಾಡಿಗೆ ಆಗಿರಬೇಕು. ಅದೇ ರಸ್ತೆಯಲ್ಲಿ ಅಂಥದ್ದೇ ಮನೆಗೆ 20 ಸಾವಿರ ಇದ್ದು, ತಮ್ಮನೂ ಹೆಚ್ಚುಕಮ್ಮಿ ಅಷ್ಟೇ ಕೊಟ್ಟು ಅಲ್ಲೇ ಕಾಯಂ ವಾಸವಿದ್ದರೆ, ನಿಮ್ಮ ಮನೆ ಬಾಡಿಗೆ ಮನೆಯ ಲೆಕ್ಕಕ್ಕೆ ಬರುತ್ತದೆ. ಆಗ ಅವನು ನೇರವಾಗಿ ಬ್ಯಾಂಕಿಗೆ ಕಟ್ಟಿದ ಕಂತೂ ನಿಮ್ಮ ಬಾಡಿಗೆ ವರಮಾನವೇ. ಶೆಡ್ಯೂಲ್ ಇಯಲ್ಲಿ (ಬಾಡಿಗೆ ವರಮಾನದ ಹಾಳೆ) ಅದನ್ನು ತೋರಿಸಿ, ಬಡ್ಡಿ, ರಿಪೇರಿ, ವಿಮೆ, ಕಾರ್ಪೊರೇಷನ್ ಕಂದಾಯ ಎಲ್ಲವನ್ನೂ ಕಳೆಯಬಹುದು. ಸವಕಳಿಯೂ ಸಿಗುತ್ತದೆ. 2018ರಿಂದೀಚೆಗೆ ಬಾಡಿಗೆಗೆ ಬಿಟ್ಟ ಹೊರದೇಶದ ಮನೆಯಾದರೆ, ಸೈಟಿನ ಬೆಲೆ ಬಿಟ್ಟು ಕಟ್ಟಡದ ಬೆಲೆಯನ್ನು 30 ವರ್ಷಕ್ಕೆ ಹಂಚಬೇಕು. ಭಾರತದಲ್ಲೂ ಈ ಬಾಡಿಗೆ ತೋರಿಸಬೇಕು. ಎನ್‌ಆರ್‌ಐ ಮಾಲೀಕರಿಗೆ ಕೊಡುವ ಬಾಡಿಗೆಯಲ್ಲಿ ತಮ್ಮ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು ಅನ್ನುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

20 ಸಾವಿರದ ಮನೆಗೆ 8 ಸಾವಿರ ಕೊಟ್ಟರೆ ಎರಡೂ ಕಡೆ ಪೆಟ್ಟು. ಬಂದ ದುಡ್ಡನ್ನು ವರಮಾನ ಅಂತ ತೋರಿಸಲೇಬೇಕು, ರಿಪೇರಿ ಮತ್ತು ಸವಕಳಿ ಕಳೆಯಲಾಗದು. ಒಡಹುಟ್ಟಿದವರು ಕಮ್ಮಿ ಬಾಡಿಗೆಗೆ ಇದ್ದರೆ ಆ ಮನೆಯನ್ನು ನೀವೇ ಬಳಸಿದಂತೆ ಅನ್ನುತ್ತದೆ ಕಾನೂನು. ಅಪ್ಪ ಅಮ್ಮನಿಗೂ ಇದೇ ನಿಯಮ.

ಬಾಡಿಗೆಗೆ ಕೊಡದ ಮನೆಯ ಕಂದಾಯವನ್ನು 2018ರಿಂದ ಕಳೆಯುವಂತಿಲ್ಲ. ಹೊರದೇಶದ ಆಸ್ತಿ ತೆರಿಗೆಗೆ ಆ ವಿನಾಯಿತಿ ಹೋಯಿತು.

ಇಷ್ಟೆಲ್ಲ ಓಡಾಡುವ ಮೊದಲು ಒಂದು ಲೆಕ್ಕ ಹಾಕಿ. 2025ರ ರಿಟರ್ನ್‌ಗೆ ಗಂಡ ಹೆಂಡತಿ ಜೊತೆಗೆ ಸಲ್ಲಿಸಿದರೆ 31,500 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಪಟ್ಟಿ ಕೇಳದೆ ಕೊಡುವ ಕಡಿತ, ಇದು ಅಥವಾ ಶೆಡ್ಯೂಲ್ ಎ, ಎರಡರಲ್ಲಿ ಒಂದು) ತಾನಾಗಿಯೇ ಸಿಗುತ್ತದೆ, ಒಬ್ಬರಿಗೆ 15,750. ಮೈಸೂರಿನ ಸಾಲಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಬಡ್ಡಿ ಅಂದರೂ ಆರು ಸಾವಿರ ಡಾಲರ್ ಆಸುಪಾಸು. ಅಮೆರಿಕದಲ್ಲೂ ಸ್ವಂತ ಮನೆ, ದೊಡ್ಡ ಸಾಲ, ರಾಜ್ಯದ ತೆರಿಗೆ ಎಲ್ಲ ಸೇರಿ ಆ ಮೊತ್ತ ದಾಟಿದರೆ ಮಾತ್ರ ಶೆಡ್ಯೂಲ್ ಎಯಿಂದ ಲಾಭ. ಅಲ್ಲಿ ಬಾಡಿಗೆ ಮನೆಯಲ್ಲಿರುವ ಹೆಚ್ಚಿನವರಿಗೆ ಇದರಿಂದ ಏನೂ ಸಿಗುವುದಿಲ್ಲ.

ಸಿಗುತ್ತದೆ ಅಂತಾದರೆ, ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟನ್ನು ಹಾಗೇ ನಕಲು ಮಾಡಬೇಡಿ. ಅದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಅಮೆರಿಕದ ವರ್ಷ ಜನವರಿಯಿಂದ ಡಿಸೆಂಬರ್. ಲೋನ್ ಸ್ಟೇಟ್‌ಮೆಂಟ್ ತರಿಸಿ, ತಿಂಗಳ ಪ್ರಕಾರ ಬಡ್ಡಿಯನ್ನಷ್ಟೇ ಕೂಡಿ, ಡಾಲರ್‌ಗೆ ತಿರುಗಿಸಿ. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕೊಡುವ ವರ್ಷದ ಸರಾಸರಿ ದರ ಬಳಸಬಹುದು. ನಮ್ಮ ಬ್ಯಾಂಕುಗಳು 1098 ಫಾರ್ಮ್ (ಅಮೆರಿಕದ ಬ್ಯಾಂಕುಗಳು ಕೊಡುವ ಮನೆ ಸಾಲದ ಬಡ್ಡಿ ಚೀಟಿ) ಕೊಡುವುದಿಲ್ಲ, ಹಾಗಾಗಿ ಶೆಡ್ಯೂಲ್ ಎಯ 8ಬಿ ಸಾಲಿನಲ್ಲಿ ಬರೆಯಿರಿ. ಭಾರತದ ಎಲ್ಲ ಖಾತೆ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ (ಹೊರದೇಶದ ಖಾತೆಗಳ ವರದಿ) ಸಲ್ಲಿಸುವುದನ್ನು ಬಿಡಬೇಡಿ.

ಇನ್ನು ಮುಂದೆ ನೀವೇ ಕಟ್ಟುವ ಮನಸ್ಸಿದ್ದರೆ, ಡಿಸೆಂಬರ್ ಒಳಗೆ ಬ್ಯಾಂಕಿಗೆ ಹೇಳಿ ಕಂತು ಹೋಗುವ ಖಾತೆಯನ್ನು ನಿಮ್ಮ ಎನ್‌ಆರ್‌ಇ (ಹೊರದೇಶದ ಗಳಿಕೆ ಇಡುವ ಖಾತೆ) ಅಥವಾ ಎನ್‌ಆರ್‌ಒ ಖಾತೆಗೆ ಬದಲಿಸಿ. ಜನವರಿಯ ಮೊದಲ ಕಂತೇ ನಿಮ್ಮ ಖಾತೆಯಿಂದ ಹೋದರೆ ಆ ವರ್ಷದ ಲೆಕ್ಕದಲ್ಲಿ ಬೆರಕೆ ಇರುವುದಿಲ್ಲ.